ಐದು ರಾತ್ರಿಯ ಜೆಲ್: ಹಾಕಿಕೊಳ್ಳುವ ಕ್ರಮ, ತಪ್ಪುವ ಜಾಗಗಳು

ಪ್ರಶ್ನೆ: ನನಗೆ 34 ವರ್ಷ. ಒಂದು ತಿಂಗಳಿಂದ ಬಿಳಿಸೆರಗು ಹೆಚ್ಚಾಗಿ, ಮೀನಿನಂಥ ವಾಸನೆ ಬರುತ್ತಿತ್ತು. ಡಾಕ್ಟರು ಪರೀಕ್ಷೆ ಮಾಡಿ ಬ್ಯಾಕ್ಟೀರಿಯಲ್ ವಜೈನೋಸಿಸ್ ಎಂದು ಹೇಳಿ, ಮೆಟ್ರೋನಿಡಜೋಲ್ ವಜೈನಲ್ ಜೆಲ್ ಅನ್ನು ಐದು ರಾತ್ರಿ ಹಾಕಿಕೊಳ್ಳಲು ಬರೆದುಕೊಟ್ಟಿದ್ದಾರೆ. ಎರಡು ರಾತ್ರಿ ಆಯಿತು. ವಾಸನೆ ನಿಂತಿದೆ, ಆದರೆ ಬೆಳಿಗ್ಗೆ ಏಳುವಷ್ಟರಲ್ಲಿ ಅರ್ಧ ಜೆಲ್ ಹೊರಗೇ ಬಂದಿರುತ್ತದೆ. ನಾಳೆಯೋ ನಾಡಿದ್ದೋ ಮುಟ್ಟಾಗುವ ದಿನ. ಇಲ್ಲಿಗೇ ನಿಲ್ಲಿಸಬಹುದೇ? ಅಪ್ಲಿಕೇಟರ್ ಒಳಗೆ ಹಾಕಲು ಭಯವಾಗುತ್ತದೆ, ಬೆರಳಲ್ಲಿ ಹಚ್ಚಿಕೊಂಡರೆ ಸಾಲದೇ? ಹೋದ ವರ್ಷವೂ ಹೀಗೇ ಆಗಿತ್ತು. ನನ್ನ ತಂಗಿಗೂ ಇದೇ ತೊಂದರೆ ಇದೆ, ಉಳಿದ ಜೆಲ್ ಅವಳಿಗೆ ಕೊಡಲೇ?

ಉತ್ತರ: ನಿಲ್ಲಿಸಬೇಡಿ. ಮುಟ್ಟು ಬಂದರೂ ಉಳಿದ ಮೂರು ರಾತ್ರಿ ಮುಗಿಸಿ. ತಂಗಿಗೆ ಕೊಡಬೇಡಿ. ಏಕೆ ಎನ್ನುವುದನ್ನು ಒಂದೊಂದಾಗಿ ಹೇಳುತ್ತೇವೆ. ಈ ಜೆಲ್ ಕೆಲಸ ಮಾಡಲಿಲ್ಲ ಎಂದು ವಾಪಸ್ ಬರುವವರಲ್ಲಿ ಹಲವರ ವಿಷಯದಲ್ಲಿ ಔಷಧದ ತಪ್ಪಿರುವುದಿಲ್ಲ. ಕಾಯಿಲೆ ಬೇರೆಯಾಗಿರುತ್ತದೆ, ಅಥವಾ ಟ್ಯೂಬೇ ಬೇರೆಯಾಗಿರುತ್ತದೆ, ಇಲ್ಲವೇ ಎರಡನೇ ಮೂರನೇ ರಾತ್ರಿಗೆ ಕೈಬಿಟ್ಟಿರುತ್ತಾರೆ.

ವಾಸನೆಯಿಂದ ಶುರು ಮಾಡೋಣ. ಆರೋಗ್ಯವಂತ ಯೋನಿಯಲ್ಲಿ ಲ್ಯಾಕ್ಟೋಬ್ಯಾಸಿಲಸ್ ಎಂಬ ಒಳ್ಳೆಯ ಬ್ಯಾಕ್ಟೀರಿಯಾಗಳು ಲ್ಯಾಕ್ಟಿಕ್ ಆಮ್ಲ ತಯಾರಿಸುತ್ತ ಅಲ್ಲಿನ ಪಿಎಚ್ (ಹುಳಿಯ ಅಳತೆ) ಅನ್ನು 3.8ರಿಂದ 4.5ರೊಳಗೆ ಹುಳಿಯಾಗಿ ಇಟ್ಟಿರುತ್ತವೆ. ಇವು ಕಡಿಮೆಯಾದಾಗ ಗಾರ್ಡ್ನೆರೆಲ್ಲಾ ಮತ್ತು ಆಮ್ಲಜನಕ ಬೇಡದ ಇತರ ಬ್ಯಾಕ್ಟೀರಿಯಾಗಳು ಹೆಚ್ಚಿಕೊಳ್ಳುತ್ತವೆ. ಅವು ಬಿಡುವ ಟ್ರೈಮೀಥೈಲಮೀನ್ ಎಂಬ ವಸ್ತುವೇ ಹಳಸಿದ ಮೀನಿನಲ್ಲೂ ಇರುವುದು. ಹಾಗಾಗಿ 'ಮೀನಿನ ವಾಸನೆ' ಎಂದು ನೀವು ಬರೆದದ್ದು ಬರೀ ಹೋಲಿಕೆಯಲ್ಲ, ಎರಡೂ ಕಡೆ ವಸ್ತು ಒಂದೇ. ಔಷಧ ಬಿದ್ದ ಒಂದೆರಡು ದಿನದಲ್ಲೇ ಈ ಬ್ಯಾಕ್ಟೀರಿಯಾಗಳ ಸಂಖ್ಯೆ ಇಳಿದು ವಾಸನೆ ನಿಲ್ಲುತ್ತದೆ. ಆದರೆ ಗಾರ್ಡ್ನೆರೆಲ್ಲಾ ಯೋನಿಯ ಒಳಪದರಕ್ಕೆ ತೆಳುವಾದ ಪಾಚಿಯಂತೆ ಅಂಟಿಕೊಂಡು ಬೆಳೆಯುತ್ತದೆ. ಬಾವಿಯ ಮೆಟ್ಟಿಲ ಮೇಲಿನ ಪಾಚಿಯನ್ನು ನೆನಪಿಸಿಕೊಳ್ಳಿ: ಮೇಲೆ ನೀರು ಸುರಿದರೆ ಹೊಳೆಯುತ್ತದೆ, ಬುಡ ಅಲ್ಲೇ ಇರುತ್ತದೆ. ಎರಡು ರಾತ್ರಿಗೆ ನಿಲ್ಲಿಸಿದರೆ ಆಗುವುದು ಅದೇ.

ಇನ್ನೊಂದು ಮಾತು ಇಲ್ಲೇ ಹೇಳಿಬಿಡುತ್ತೇವೆ. ಬಿಳಿಸೆರಗು ಹೋದರೆ ಮೂಳೆ ಕರಗುತ್ತದೆ, ಮೈಯ ಉಷ್ಣದಿಂದ ಬರುತ್ತದೆ ಎಂದು ಮನೆಯಲ್ಲಿ ಹಿರಿಯರು ಹೇಳಬಹುದು. ಮೂಳೆಗೂ ಇದಕ್ಕೂ ಸಂಬಂಧವಿಲ್ಲ. ತಿಂಗಳ ನಡುವೆ ಮೊಟ್ಟೆಯ ಬಿಳಿಯಂತೆ ಲೋಳೆಯಾಗಿ, ವಾಸನೆ ಇಲ್ಲದೆ ಹೋಗುವ ಸ್ರಾವ ಸಹಜವಾದದ್ದು, ಅದಕ್ಕೆ ಯಾವ ಜೆಲ್ಲೂ ಬೇಡ.

ಈಗ ಟ್ಯೂಬನ್ನು ಕೈಗೆ ತೆಗೆದುಕೊಂಡು ಓದಿ. ಮೆಟ್ರೋನಿಡಜೋಲ್ ವಜೈನಲ್ ಜೆಲ್‌ನ ಸಾಮಾನ್ಯ ಸಾಂದ್ರತೆ 0.75 ಶೇಕಡಾ. ಐದು ರಾತ್ರಿಯ ಕೋರ್ಸ್ ಇರುವುದು ಇದಕ್ಕೇ. ಡಬ್ಬಿಯ ಮೇಲೆ ಯೋನಿಯಲ್ಲಿ ಬಳಸಲು ಎಂಬ ಅರ್ಥದ ಮಾತು ಇರಲೇಬೇಕು, ಜೊತೆಗೆ ಅಪ್ಲಿಕೇಟರ್ ಇರಬೇಕು. ಇದನ್ನು ಒತ್ತಿ ಹೇಳುವುದಕ್ಕೆ ಕಾರಣವಿದೆ. ನಮ್ಮ ಮೆಡಿಕಲ್ ಶಾಪ್‌ಗಳಲ್ಲಿ ಇದೇ ಮೆಟ್ರೋನಿಡಜೋಲ್ ಹೆಸರಲ್ಲಿ ವಸಡಿಗೆ ಹಚ್ಚುವ ಜೆಲ್ ಸಿಗುತ್ತದೆ. ಅದರಲ್ಲಿ ಕ್ಲೋರ್‌ಹೆಕ್ಸಿಡಿನ್ ಬೆರೆತಿರುತ್ತದೆ, ಯೋನಿಯ ಒಳಗೆ ಹಾಕಿಕೊಂಡರೆ ಉರಿಯಬಹುದು. ಚರ್ಮಕ್ಕೆ ಹಚ್ಚುವ ಜೆಲ್ ಇನ್ನೊಂದು. ಡಾಕ್ಟರು ಇದರ ಬದಲು ಕ್ಲಿಂಡಾಮೈಸಿನ್ ಎಂಬ ಇನ್ನೊಂದು ಔಷಧ ಬರೆದಿದ್ದರೆ ಅಲ್ಲೂ ಇದೇ ಗೊಂದಲ: ಮೊಡವೆಗೆ ಹಚ್ಚುವ ಕ್ಲಿಂಡಾಮೈಸಿನ್ ಜೆಲ್ 1 ಶೇಕಡಾ, ಯೋನಿಗೆ ಹಾಕುವ ಕ್ರೀಮ್ 2 ಶೇಕಡಾ, ಅದರ ಕೋರ್ಸ್ ಸಾಮಾನ್ಯವಾಗಿ ಏಳು ರಾತ್ರಿ. ಅಂಗಡಿಯವರು "ಇದೂ ಅದೇ ಮೇಡಂ" ಎಂದು ಕ್ಲಿಂಡಾಮೈಸಿನ್ ಮತ್ತು ಕ್ಲೋಟ್ರಿಮಜೋಲ್ ಸೇರಿದ, ಯೋನಿಯೊಳಗೆ ಇಡುವ ಕ್ಯಾಪ್ಸೂಲ್ ಕೊಟ್ಟರೆ ಅದು ಅದೇ ಅಲ್ಲ. ಬ್ಯಾಕ್ಟೀರಿಯಾ, ಫಂಗಸ್ ಎರಡಕ್ಕೂ ಒಟ್ಟಿಗೆ ಗುಂಡು ಹಾರಿಸುವ ಮಿಶ್ರಣ ಅದು. ಪರೀಕ್ಷೆ ಮಾಡಿ ಬ್ಯಾಕ್ಟೀರಿಯಾದ್ದೇ ಎಂದು ಗೊತ್ತಾದ ಮೇಲೆ ಅದರ ಅಗತ್ಯವಿಲ್ಲ. ಬದಲಾಯಿಸುವ ಮುನ್ನ ಬರೆದುಕೊಟ್ಟ ಡಾಕ್ಟರಿಗೇ ಒಂದು ಫೋನ್ ಮಾಡಿ.

ಅಪ್ಲಿಕೇಟರ್ ಒಮ್ಮೆ ತುಂಬಿದರೆ ಸುಮಾರು 5 ಗ್ರಾಂ ಜೆಲ್, ಅಂದರೆ 37.5 ಮಿಲಿಗ್ರಾಂ ಔಷಧ. ಐದು ರಾತ್ರಿಗೆ 25 ಗ್ರಾಂ ಜೆಲ್ ಬೇಕು. ಇಡೀ ಕೋರ್ಸಿನಲ್ಲಿ ಒಳಗೆ ಹೋಗುವ ಮೆಟ್ರೋನಿಡಜೋಲ್ 200 ಮಿಲಿಗ್ರಾಂ ಕೂಡ ಆಗುವುದಿಲ್ಲ. ಇದೇ ಕಾಯಿಲೆಗೆ 400 ಮಿಲಿಗ್ರಾಂ ಮಾತ್ರೆಯನ್ನು ದಿನಕ್ಕೆರಡರಂತೆ ಏಳು ದಿನ ನುಂಗಿದರೆ 5600 ಮಿಲಿಗ್ರಾಂ ಆಗುತ್ತದೆ. ಜೆಲ್ ಹಾಕಿಕೊಂಡಾಗ ರಕ್ತದಲ್ಲಿ ಕಾಣುವ ಗರಿಷ್ಠ ಮಟ್ಟ, 500 ಮಿಲಿಗ್ರಾಂ ಮಾತ್ರೆ ನುಂಗಿದಾಗ ಕಾಣುವುದರ ಶೇಕಡಾ 2ರಷ್ಟು ಮಾತ್ರ. ವಾಕರಿಕೆ, ಬಾಯಲ್ಲಿ ಲೋಹದ ರುಚಿ ಇವೆಲ್ಲ ಜೆಲ್‌ನಲ್ಲಿ ಕಡಿಮೆ ಇರುವುದು ಇದೇ ಕಾರಣಕ್ಕೆ. ಆದರೆ ಇಷ್ಟು ಚಿಕ್ಕ ಪ್ರಮಾಣ ಕೆಲಸ ಮಾಡಬೇಕಾದರೆ ಅದು ಇರಬೇಕಾದ ಜಾಗಕ್ಕೇ ಹೋಗಬೇಕು. ಬೆರಳಲ್ಲಿ ಹಚ್ಚಿದರೆ ಬಹುಪಾಲು ಬಾಗಿಲಲ್ಲೇ ಉಳಿಯುತ್ತದೆ, ಎಷ್ಟು ಹಾಕಿದಿರಿ ಎಂಬ ಲೆಕ್ಕ ಸಿಗುವುದಿಲ್ಲ, ಉಗುರು ತಗುಲಿ ಗೀರಾದರೆ ಉರಿ ಬೇರೆ.

ಹಾಕಿಕೊಳ್ಳುವ ಕ್ರಮ ಹೀಗೆ. ಮಲಗುವ ಮುಂಚೆ ಮೂತ್ರ ಮಾಡಿ ಬನ್ನಿ, ಸೋಪು ಹಚ್ಚಿ ಕೈ ತೊಳೆದು ಒರೆಸಿಕೊಳ್ಳಿ. ಟ್ಯೂಬಿನ ಬಾಯಿಗೆ ಸೀಲ್ ಇದ್ದರೆ ಮುಚ್ಚಳದ ಹಿಂಭಾಗದ ಚೂಪು ತುದಿಯಿಂದ ಚುಚ್ಚಿ. ಅಪ್ಲಿಕೇಟರಿನ ಒಳಗಿನ ದಂಡ ಪೂರ್ತಿ ಕೆಳಗೆ ಒತ್ತಿರಬೇಕು. ಹಲವರು ಇಲ್ಲೇ ಎಡವುವುದು: ಇಂಜೆಕ್ಷನ್ ಸಿರಿಂಜಿನಂತೆ ದಂಡವನ್ನು ಮೊದಲೇ ಮೇಲಕ್ಕೆ ಎಳೆದಿಟ್ಟುಕೊಂಡು ಜೆಲ್ ತುಂಬುತ್ತಾರೆ. ಒಳಗೆ ಗಾಳಿ ಉಳಿದು, ಕೊಳವೆ ತುಂಬಿದಂತೆ ಕಂಡರೂ ಔಷಧ ಅರ್ಧವೇ ಇರುತ್ತದೆ. ಕೊಳವೆಯನ್ನು ಟ್ಯೂಬಿಗೆ ತಿರುಗಿಸಿ ಕೂರಿಸಿ, ಟ್ಯೂಬನ್ನು ಬುಡದಿಂದ ನಿಧಾನವಾಗಿ ಒತ್ತಿ. ಜೆಲ್ ಒಳಬಂದಂತೆ ದಂಡ ತಾನಾಗೇ ಮೇಲೇರಬೇಕು. ಗುರುತಿನವರೆಗೆ ಬಂದಾಗ ಅಥವಾ ದಂಡ ಮುಂದೆ ಹೋಗದೆ ನಿಂತಾಗ ಸಾಕು. ಕೊಳವೆಯನ್ನು ಬಿಚ್ಚಿ ಟ್ಯೂಬಿನ ಮುಚ್ಚಳ ಹಾಕಿ. ಬೇರೆ ಕಂಪನಿಯ, ಮನೆಯಲ್ಲಿ ಹಳೆಯದಾಗಿ ಬಿದ್ದಿದ್ದ ಅಪ್ಲಿಕೇಟರ್ ಬಳಸಬೇಡಿ. ತಿರುಪು ಹೊಂದುವುದಿಲ್ಲ, ಅಳತೆಯೂ ಒಂದೇ ಇರುವುದಿಲ್ಲ.

ಮಂಚದ ಮೇಲೆ ಬೆನ್ನು ಕೆಳಗಾಗಿ ಮಲಗಿ, ಮೊಣಕಾಲು ಮಡಚಿ ಸ್ವಲ್ಪ ಅಗಲಿಸಿ. ಒಂದು ಕೈಯಲ್ಲಿ ಕೊಳವೆಯ ಮಧ್ಯಭಾಗ ಹಿಡಿಯಿರಿ. ಹೊಕ್ಕುಳದ ಕಡೆಗೆ ನೇರ ಮೇಲಕ್ಕೆ ತಳ್ಳಲು ಹೋದರೆ ಮುಂಗೋಡೆಗೆ ತಗುಲಿ ನೋಯುತ್ತದೆ. ಯೋನಿಮಾರ್ಗ ಹಿಂದಕ್ಕೆ, ಬೆನ್ನಿನ ಕೆಳಭಾಗದ ಕಡೆಗೆ ವಾಲಿರುತ್ತದೆ. ಕೊಳವೆಯನ್ನೂ ಆ ದಿಕ್ಕಿಗೇ ಹಿಡಿದು, ಒಂದು ದೀರ್ಘ ಉಸಿರು ಬಿಡುತ್ತ ಮೆಲ್ಲಗೆ ಜಾರಿಸಿ. ನೋವಿಲ್ಲದೆ ಎಷ್ಟು ಹೋಗುತ್ತದೋ ಅಷ್ಟು ಸಾಕು. ತಡೆ ಸಿಕ್ಕಿದರೆ ಒತ್ತಬೇಡಿ, ಸ್ವಲ್ಪ ಹಿಂದೆ ತೆಗೆದು ದಿಕ್ಕು ಬದಲಾಯಿಸಿ. ದಂಡವನ್ನು ಕೊನೆಯವರೆಗೆ ಒತ್ತಿ, ಒತ್ತಿ ಹಿಡಿದ ಹಾಗೆಯೇ ಕೊಳವೆಯನ್ನು ಹೊರಗೆ ತೆಗೆಯಿರಿ. ದಂಡದ ಮೇಲಿನ ಬೆರಳನ್ನು ಮೊದಲೇ ಸಡಿಲಿಸಿದರೆ ಸ್ವಲ್ಪ ಜೆಲ್ ವಾಪಸ್ ಎಳೆದುಕೊಂಡು ಬರುತ್ತದೆ. ಕೊಳವೆಯ ತುದಿ ಒಣಗಿದ್ದು ಕಷ್ಟವಾದರೆ ಇದೇ ಜೆಲ್ ಒಂದು ಹನಿ ತುದಿಗೆ ಸವರಿ. ಕೊಬ್ಬರಿ ಎಣ್ಣೆ, ಬೇರೆ ಕ್ರೀಮ್ ಬೇಡ.

ನಿಮ್ಮ ಭಯದ ಬಗ್ಗೆ: ಜೆಲ್ಲಾಗಲಿ ಕೊಳವೆಯಾಗಲಿ ಹೊಟ್ಟೆಯೊಳಗೆ ಹೋಗಿ ಕಳೆದುಹೋಗಲು ದಾರಿಯೇ ಇಲ್ಲ. ಯೋನಿಮಾರ್ಗ ಮೇಲ್ತುದಿಯಲ್ಲಿ ಗರ್ಭಕೊರಳಿಗೆ ಬಂದು ಮುಗಿಯುತ್ತದೆ, ಆ ಕೊರಳಿನ ಬಾಯಿ ಬಹಳ ಸಣ್ಣದು. ಕಾಪರ್-ಟಿ ಹಾಕಿಸಿಕೊಂಡಿದ್ದರೂ ಅಪ್ಲಿಕೇಟರ್ ಅದನ್ನು ತಲುಪುವುದಿಲ್ಲ, ಅದು ಗರ್ಭಕೋಶದ ಒಳಗಿದೆ. ಆದರೆ ಈವರೆಗೆ ದೈಹಿಕ ಸಂಬಂಧ ಇಲ್ಲದ ಹೆಣ್ಣುಮಕ್ಕಳಿಗೆ ಮತ್ತು ಪರೀಕ್ಷೆಯ ಸಮಯದಲ್ಲೂ ತೀವ್ರ ನೋವಾಗುವವರಿಗೆ ಕೊಳವೆ ಕಷ್ಟವಾಗಬಹುದು. ಅಂಥವರು ಒತ್ತಾಯದಿಂದ ಹಾಕಿಕೊಳ್ಳುವ ಬದಲು ಮಾತ್ರೆ ಬರೆಸಿಕೊಳ್ಳಲಿ, ಮಾತ್ರೆಯೂ ಅಷ್ಟೇ ಪರಿಣಾಮಕಾರಿ.

ಪ್ರತಿ ರಾತ್ರಿಗೆ ಒಂದರಂತೆ ಬೇರೆ ಬೇರೆ ಅಪ್ಲಿಕೇಟರ್ ಕೊಟ್ಟಿದ್ದರೆ ಬಳಸಿದ್ದನ್ನು ಪೇಪರಿನಲ್ಲಿ ಸುತ್ತಿ ಕಸಕ್ಕೆ ಹಾಕಿ, ಕಮೋಡಿಗೆ ಬೇಡ. ಒಂದೇ ಕೊಟ್ಟು ತೊಳೆದು ಬಳಸಿ ಎಂದು ಬರೆದಿದ್ದರೆ ದಂಡವನ್ನೂ ಕೊಳವೆಯನ್ನೂ ಬೇರ್ಪಡಿಸಿ, ಉಗುರು ಬೆಚ್ಚಗಿನ ನೀರು ಮತ್ತು ಸಾಧಾರಣ ಸೋಪಿನಲ್ಲಿ ತೊಳೆದು ಒಣಗಿಸಿ. ಕುದಿಯುವ ನೀರಿಗೆ ಹಾಕಿದರೆ ಪ್ಲಾಸ್ಟಿಕ್ ಸೊಟ್ಟಗಾಗಿ ದಂಡ ಸರಿಯಾಗಿ ಜಾರುವುದಿಲ್ಲ.

ಬೆಳಿಗ್ಗೆ ಹೊರಬರುವ ಜೆಲ್ ನೋಡಿ ಔಷಧವೆಲ್ಲ ಹೋಯಿತು ಎಂದುಕೊಂಡಿದ್ದೀರಿ. ಜೆಲ್‌ನ ಬಹುಪಾಲು ನೀರು ಮತ್ತು ಅದನ್ನು ಗಟ್ಟಿಯಾಗಿ ಹಿಡಿದಿಡುವ ಲೋಳೆ ಪದಾರ್ಥ. ರಾತ್ರಿಯೆಲ್ಲ ಔಷಧ ಒಳಪದರದ ಮೇಲೆ ಕೆಲಸ ಮಾಡಿದ ನಂತರ ಉಳಿದ ಲೋಳೆ ಸ್ರಾವದ ಜೊತೆ ಬೆರೆತು ಹೊರಬರುತ್ತದೆ. ಅದಕ್ಕೆ ಮತ್ತೊಮ್ಮೆ ಹಾಕಿಕೊಳ್ಳಬೇಕಿಲ್ಲ. ತೆಳು ಪ್ಯಾಡ್ ಅಥವಾ ಪ್ಯಾಂಟಿ ಲೈನರ್ ಇಟ್ಟುಕೊಳ್ಳಿ, ಹತ್ತಿ ಒಳಉಡುಪು ಧರಿಸಿ. ಮಲಗುವ ಹೊತ್ತಿಗೇ ಹಾಕಿಕೊಳ್ಳಿ ಎನ್ನುವುದು ಇದಕ್ಕೇ. ಹಾಕಿಕೊಂಡು ಎದ್ದು ಪಾತ್ರೆ ತೊಳೆಯಲು ನಿಂತರೆ ಮಾತ್ರ ನಿಜವಾಗಿಯೂ ಕೆಳಗಿಳಿದುಬಿಡುತ್ತದೆ. ಒಂದು ರಾತ್ರಿ ಮರೆತರೆ ನೆನಪಾದ ಕೂಡಲೇ ಹಾಕಿಕೊಳ್ಳಿ. ಆಗಲೇ ಮರುದಿನದ ಹೊತ್ತು ಹತ್ತಿರವಾಗಿದ್ದರೆ ತಪ್ಪಿದ್ದನ್ನು ಬಿಟ್ಟು ಕ್ರಮ ಮುಂದುವರಿಸಿ, ಎರಡು ಕೊಳವೆ ಒಟ್ಟಿಗೆ ಬೇಡ. ಕೋರ್ಸ್ ಒಂದು ರಾತ್ರಿ ಮುಂದಕ್ಕೆ ಹೋಗುತ್ತದೆ, ಅಷ್ಟೇ.

ಮುಟ್ಟು ಬಂದಾಗಲೂ ಇದೇ ಕ್ರಮ. ಪ್ಯಾಡ್ ಬಳಸಿ. ಟ್ಯಾಂಪನ್ ಜೆಲ್ಲನ್ನು ಹೀರಿಕೊಳ್ಳುತ್ತದೆ, ಮುಟ್ಟಿನ ಕಪ್ ಅದನ್ನು ಹೊರಗೆ ತಂದುಬಿಡುತ್ತದೆ, ಈ ದಿನಗಳಲ್ಲಿ ಎರಡೂ ಬೇಡ. ಮುಟ್ಟಿನ ರಕ್ತ ಯೋನಿಯ ಹುಳಿಯನ್ನು ಕಡಿಮೆ ಮಾಡುವುದರಿಂದ ಆ ದಿನಗಳಲ್ಲೇ ಈ ಬ್ಯಾಕ್ಟೀರಿಯಾಗಳಿಗೆ ಅನುಕೂಲ ಹೆಚ್ಚು. ನಡುವೆ ನಿಲ್ಲಿಸಿದರೆ ಅವಕ್ಕೆ ಬಾಗಿಲು ತೆರೆದುಕೊಟ್ಟಂತೆ.

ಒಳಗೆ ತೊಳೆಯಬೇಡಿ. ಡೆಟಾಲ್, ಉಪ್ಪುನೀರು, ಬೇವಿನ ನೀರು, ಸುವಾಸನೆಯ ವಾಶ್, ಯಾವುದೂ ಬೇಡ. ಹೊರಭಾಗಕ್ಕೆ ಬರೀ ನೀರು ಸಾಕು. ವಾಸನೆ ಹೋಗಲೆಂದು ಒಳಗೆ ತೊಳೆದಷ್ಟೂ ಉಳಿದ ಲ್ಯಾಕ್ಟೋಬ್ಯಾಸಿಲಸ್‌ಗಳೇ ಕೊಚ್ಚಿಹೋಗಿ ಕಾಯಿಲೆ ಬೇರೂರುತ್ತದೆ. ಮೊಸರು ಊಟಕ್ಕೆ ಚೆನ್ನ, ಒಳಗೆ ಇಡುವ ವಸ್ತುವಲ್ಲ. ಚಿಕಿತ್ಸೆ ಮುಗಿಯುವ ತನಕ ಸಂಭೋಗ ಬೇಡ. ಕ್ಲಿಂಡಾಮೈಸಿನ್ ಕ್ರೀಮ್ ಹಾಕಿಕೊಳ್ಳುವವರು ಇನ್ನೊಂದನ್ನು ನೆನಪಿಡಬೇಕು: ಅದರಲ್ಲಿರುವ ಎಣ್ಣೆಯ ಅಂಶ ಲೇಟೆಕ್ಸ್ ಕಾಂಡೋಮನ್ನು ದುರ್ಬಲಗೊಳಿಸುತ್ತದೆ. ಕೊನೆಯ ಡೋಸ್ ಆಗಿ ಐದು ದಿನದವರೆಗೆ ಕಾಂಡೋಮ್ ನಂಬಬಾರದು.

ಮದ್ಯದ ವಿಷಯದಲ್ಲಿ ಎರಡು ಮಾತುಗಳಿವೆ. ಔಷಧದ ಡಬ್ಬಿಯೊಳಗಿನ ಮಾಹಿತಿ ಚೀಟಿಗಳಲ್ಲಿ ಸಾಮಾನ್ಯವಾಗಿ ಬೇಡ ಎಂದೇ ಇರುತ್ತದೆ. ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿಯ 2021ರ ಮಾರ್ಗಸೂಚಿಯಲ್ಲಿ ಮೆಟ್ರೋನಿಡಜೋಲ್ ಜೊತೆ ಮದ್ಯ ಬಿಡಲೇಬೇಕೆಂಬುದಕ್ಕೆ ಆಧಾರವಿಲ್ಲ ಎಂದಿದೆ. ಐದೇ ದಿನದ ಮಾತು, ಬಿಟ್ಟರೆ ನಷ್ಟವೇನಿಲ್ಲ ಎಂಬುದು ನಮ್ಮ ಅಭಿಪ್ರಾಯ. ಆದರೆ ಕುಡಿತ ಬಿಡಿಸಲು ಡೈಸಲ್ಫಿರಾಂ ತೆಗೆದುಕೊಳ್ಳುತ್ತಿರುವವರು, ಅಥವಾ ಕಳೆದ ಎರಡು ವಾರದೊಳಗೆ ತೆಗೆದುಕೊಂಡವರು ಈ ಜೆಲ್ ಬಳಸಬಾರದು, ಇದರಲ್ಲಿ ಎರಡು ಮಾತಿಲ್ಲ. ಹೃದಯದ ಕವಾಟ ಬದಲಾಯಿಸಿಕೊಂಡು ವಾರ್ಫರಿನ್ ಅಥವಾ ಅಸಿಟ್ರಾಮ್ ಮಾತ್ರೆ ನುಂಗುವವರು ಮೊದಲೇ ಡಾಕ್ಟರಿಗೆ ಹೇಳಿ. ಮೆಟ್ರೋನಿಡಜೋಲ್ ರಕ್ತ ತೆಳುವಾಗುವುದನ್ನು ಹೆಚ್ಚಿಸಬಲ್ಲದು, ರಕ್ತ ಹೆಪ್ಪುಗಟ್ಟುವ ವೇಗ ನೋಡುವ ಐಎನ್ಆರ್ ಪರೀಕ್ಷೆಯನ್ನು ಬೇಗ ಮಾಡಿಸಬೇಕಾಗಬಹುದು. ಮಾನಸಿಕ ಕಾಯಿಲೆಗೆ ಲಿಥಿಯಂ ತೆಗೆದುಕೊಳ್ಳುವವರೂ ಹಾಗೆಯೇ ತಿಳಿಸಬೇಕು.

ಜೆಲ್ ಶುರುವಾದ ಮೇಲೆ, ಅಥವಾ ಮುಗಿದು ಕೆಲವು ದಿನಕ್ಕೆ, ಮೊಸರು ಒಡೆದಂತೆ ಗಟ್ಟಿ ಬಿಳಿ ಸ್ರಾವ ಬಂದು ವಿಪರೀತ ತುರಿಕೆಯಾದರೆ ಅದು ಹಳೆಯ ಕಾಯಿಲೆಯಲ್ಲ, ಕ್ಯಾಂಡಿಡಾ ಫಂಗಸ್. ಜೆಲ್‌ನ ಅಧ್ಯಯನಗಳಲ್ಲಿ ಸುಮಾರು ಹತ್ತರಲ್ಲಿ ಒಬ್ಬರಿಗೆ ಹೀಗಾಗಿದೆ. ಇದೇ ಜೆಲ್ಲನ್ನು ಇನ್ನಷ್ಟು ಹಾಕಿಕೊಂಡರೆ ಅದು ಹೆಚ್ಚುತ್ತದೆ, ಅದಕ್ಕೆ ಬೇರೆ ಔಷಧವಿದೆ. ಸ್ವಲ್ಪ ಉರಿ, ತಲೆನೋವು ಸಹಿಸುವಷ್ಟಿದ್ದರೆ ಚಿಂತೆ ಬೇಡ. ಮೈಯೆಲ್ಲ ದದ್ದು, ತುಟಿ ಅಥವಾ ಮುಖದ ಊತ, ಉಸಿರಾಟದ ತೊಂದರೆ ಕಂಡರೆ ಜೆಲ್ ನಿಲ್ಲಿಸಿ ತಕ್ಷಣ ಆಸ್ಪತ್ರೆಗೆ ಹೋಗಿ. ಕೈಕಾಲು ಜೋಮು ಹಿಡಿದಂತಾದರೂ ನಿಲ್ಲಿಸಿ ಡಾಕ್ಟರಿಗೆ ಹೇಳಿ. ಕ್ಲಿಂಡಾಮೈಸಿನ್ ಬಳಸಿದವರಿಗೆ ನೀರುಭೇದಿ ಶುರುವಾಗಿ ನಿಲ್ಲದಿದ್ದರೆ, ರಕ್ತ ಕಂಡರೆ, ಭೇದಿ ಕಟ್ಟುವ ಮಾತ್ರೆ ನುಂಗದೆ ಡಾಕ್ಟರಲ್ಲಿಗೆ ಹೋಗಬೇಕು. ಕೋರ್ಸ್ ಮುಗಿದು ವಾರಗಳಾದ ಮೇಲೂ ಇದು ಬರಬಹುದು.

ಗರ್ಭಿಣಿಯಾಗಿರಬಹುದು ಎಂಬ ಅನುಮಾನ ಇದ್ದರೆ, ನಾಳೆ ನಾಡಿದ್ದರಲ್ಲಿ ಮುಟ್ಟು ಬರದಿದ್ದರೆ, ಮೊದಲು ಮನೆಯಲ್ಲೇ ಮೂತ್ರಪರೀಕ್ಷೆ ಮಾಡಿ. ಗರ್ಭಿಣಿಯರಿಗೂ ಮೆಟ್ರೋನಿಡಜೋಲ್ ಕೊಡುತ್ತಾರೆ, ಆದರೆ ಕೊಳವೆ ಬಳಸಬೇಕೋ ಮಾತ್ರೆಯೋ ಎನ್ನುವುದನ್ನು ನೋಡುತ್ತಿರುವ ಡಾಕ್ಟರೇ ಹೇಳಬೇಕು. ಗರ್ಭಿಣಿಯರಿಗೆ ರಕ್ತ ಕಾಣಿಸಿದ್ದರೆ, ನೀರು ಹೋಗುತ್ತಿದ್ದರೆ ಏನನ್ನೂ ಒಳಗೆ ಹಾಕಬಾರದು. ಗರ್ಭಿಣಿಯಲ್ಲದವರಿಗೂ ಜ್ವರ, ಕಿಬ್ಬೊಟ್ಟೆ ನೋವು, ಸಂಭೋಗದ ನಂತರ ರಕ್ತ, ಜನನಾಂಗದ ಮೇಲೆ ಹುಣ್ಣು, ವಯಸ್ಸಾಗಿ ಮುಟ್ಟು ಪೂರ್ತಿ ನಿಂತ ಮೇಲೆ ಮತ್ತೆ ರಕ್ತ ಇವುಗಳಲ್ಲಿ ಯಾವುದಿದ್ದರೂ ಅದು ಜೆಲ್‌ನಿಂದ ಮುಗಿಯುವ ಕೆಲಸವಲ್ಲ.

ಹೋದ ವರ್ಷವೂ ಆಗಿತ್ತು ಎಂದಿದ್ದೀರಿ. ಇದು ಮರುಕಳಿಸುವ ಕಾಯಿಲೆ, ಸರಿಯಾಗಿ ಚಿಕಿತ್ಸೆ ಪಡೆದವರಲ್ಲೂ ಅರ್ಧಕ್ಕಿಂತ ಹೆಚ್ಚು ಮಂದಿಗೆ ವರ್ಷದೊಳಗೆ ಮತ್ತೆ ಬರುತ್ತದೆ. ಇದರಲ್ಲಿ ನಿಮ್ಮ ಶುಚಿಯ ತಪ್ಪೇನಿಲ್ಲ. ವರ್ಷಕ್ಕೆ ಮೂರು ಬಾರಿ ಅಥವಾ ಹೆಚ್ಚು ಆಗುತ್ತಿದ್ದರೆ, ಪೂರ್ತಿ ಕೋರ್ಸ್ ನಂತರ ಇದೇ ಜೆಲ್ಲನ್ನು ವಾರಕ್ಕೆ ಎರಡು ರಾತ್ರಿಯಂತೆ ನಾಲ್ಕು ತಿಂಗಳು ಮುಂದುವರಿಸುವ ಪದ್ಧತಿ ಇದೆ. ಡಾಕ್ಟರು ಹೇಳದೆ ನೀವೇ ಶುರು ಮಾಡಬೇಡಿ. ಗಂಡನಿಗೆ ಚಿಕಿತ್ಸೆ ಬೇಡ ಎಂದೇ ಬಹಳ ಕಾಲ ಹೇಳಿಕೊಂಡು ಬಂದಿದ್ದೆವು, ಆ ಮಾತು ಈಗ ಬದಲಾಗುತ್ತಿದೆ. 2025ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಪ್ರಕಟವಾದ ಆಸ್ಟ್ರೇಲಿಯಾದ ಅಧ್ಯಯನದಲ್ಲಿ ಗಂಡಸರಿಗೂ ಏಳು ದಿನ ಮೆಟ್ರೋನಿಡಜೋಲ್ ಮಾತ್ರೆ ಮತ್ತು ಶಿಶ್ನಕ್ಕೆ ಹಚ್ಚಲು 2 ಶೇಕಡಾ ಕ್ಲಿಂಡಾಮೈಸಿನ್ ಕ್ರೀಮ್ ಕೊಟ್ಟರು. 12 ವಾರದಲ್ಲಿ ಮರುಕಳಿಸಿದ್ದು ಆ ಗುಂಪಿನ ಶೇಕಡಾ 35 ಹೆಂಗಸರಿಗೆ. ಹೆಂಗಸರಿಗೆ ಮಾತ್ರ ಚಿಕಿತ್ಸೆ ಕೊಟ್ಟ ಗುಂಪಿನಲ್ಲಿ ಅದು ಶೇಕಡಾ 63. ಮತ್ತೆ ಬಂದರೆ ಗಂಡನನ್ನೂ ಕರೆದುಕೊಂಡು ಹೋಗಿ ಈ ಮಾತನ್ನು ನೇರವಾಗಿ ಕೇಳಿ.

ಇನ್ನು ತಂಗಿ. ಅವರಿಗೂ ವಾಸನೆ, ಸ್ರಾವ ಇದೆ ಎಂದ ಮಾತ್ರಕ್ಕೆ ಕಾಯಿಲೆ ಒಂದೇ ಎನ್ನಲಾಗದು. ಟ್ರೈಕೋಮೋನಾಸ್ ಎಂಬ ಪರಾವಲಂಬಿಯಿಂದಲೂ ಹೀಗೇ ವಾಸನೆಯ, ಹಳದಿ-ಹಸಿರು ಸ್ರಾವ ಬರುತ್ತದೆ. ಅದು ಮೂತ್ರನಾಳದಲ್ಲೂ ಪಕ್ಕದ ಗ್ರಂಥಿಗಳಲ್ಲೂ ಅಡಗಿರುತ್ತದೆ. ಜೆಲ್ ಅಲ್ಲಿಗೆ ತಲುಪದ ಕಾರಣ ಮಾತ್ರೆಯೇ ಬೇಕು, ಗಂಡನಿಗೂ ಚಿಕಿತ್ಸೆ ಆಗಲೇಬೇಕು. ಪರೀಕ್ಷೆ ದೊಡ್ಡದೇನಲ್ಲ: ಸ್ರಾವದ ಪಿಎಚ್ ನೋಡುವುದು, ಒಂದು ಹನಿ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಹಾಕಿ ವಾಸನೆ ನೋಡುವುದು, ಸೂಕ್ಷ್ಮದರ್ಶಕದಲ್ಲಿ ನೋಡುವುದು. ಪರೀಕ್ಷೆಗೆ ಮುಂಚೆ ನಿಮ್ಮ ಜೆಲ್ ಹಾಕಿಕೊಂಡು ಹೋದರೆ ಈ ಮೂರೂ ಸುಳ್ಳು ಹೇಳುತ್ತವೆ. ಖರ್ಚಿನ ಯೋಚನೆ ಇದ್ದರೆ ಸರ್ಕಾರಿ ಆಸ್ಪತ್ರೆಯಲ್ಲಿ ಜನನಾಂಗದ ಸೋಂಕುಗಳಿಗೆಂದೇ ಇರುವ ಸುರಕ್ಷಾ ಕ್ಲಿನಿಕ್‌ಗೆ ಹೋಗಲಿ. ಅಲ್ಲಿ ತಪಾಸಣೆಯೂ ಔಷಧವೂ ಉಚಿತ. ಬಿಳಿಸೆರಗಿನ ತೊಂದರೆಗೆ ಹಸಿರು ಬಣ್ಣದ ಕಿಟ್‌ನಲ್ಲಿ ನುಂಗುವ ಮಾತ್ರೆಗಳನ್ನೇ ಕೊಡುತ್ತಾರೆ. ಅಂಗಡಿಯಲ್ಲಿ ಚೀಟಿ ಇಲ್ಲದೆ ಸಿಗುವ, ಮೂರು ಬಗೆಯ ಮಾತ್ರೆ ಒಂದೇ ಪಟ್ಟಿಯಲ್ಲಿರುವ ಕಿಟ್ ತಾವೇ ಕೊಂಡು ನುಂಗುವುದು ಬೇಡ. ಮೆಟ್ರೋನಿಡಜೋಲ್ ಕೂಡ ಷೆಡ್ಯೂಲ್ ಎಚ್ ಔಷಧ, ಕಾನೂನಿನ ಪ್ರಕಾರವೂ ಚೀಟಿ ಬೇಕು.

ಕೋರ್ಸ್ ಮುಗಿಯುವ ತನಕ ಟ್ಯೂಬನ್ನು ಬಿಸಿಲು ಬೀಳದ ಬೀರುವಿನಲ್ಲಿಡಿ, ಫ್ರಿಜ್ ಬೇಕಿಲ್ಲ. ರಾಯಚೂರು, ಕಲಬುರಗಿ ಕಡೆಯ ಬೇಸಿಗೆಯಲ್ಲಿ ಕಿಟಕಿಯ ಮೇಲೆ, ಸ್ಕೂಟರ್ ಡಿಕ್ಕಿಯಲ್ಲಿ ಇಡಬೇಡಿ. ಐದನೇ ರಾತ್ರಿ ಮುಗಿದು ತೊಂದರೆ ಪೂರ್ತಿ ಹೋಗಿದ್ದರೆ ಮತ್ತೆ ಪರೀಕ್ಷೆ ಮಾಡಿಸುವ ಅಗತ್ಯವಿಲ್ಲ. ಟ್ಯೂಬಿನಲ್ಲಿ ಉಳಿದ ನಾಲ್ಕೈದು ಗ್ರಾಂ ಜೆಲ್ ಇನ್ನೊಮ್ಮೆಗೆಂದು ಎತ್ತಿಡಬೇಡಿ, ಅದು ಒಂದು ರಾತ್ರಿಗಷ್ಟೇ ಸಾಕಾಗುವ ಪ್ರಮಾಣ.